ಎಡೆ ಮುಟ್ಟಿದ ಗುರುತು

ನನ್ನ ಗಂಡ ತೀರಿಕೊಂಡ ಮೇಲೆ ಕೆಲವು ತಿಂಗಳು ನನಗೆ ಜನರ ಮುಖ ಸರಿಯಾಗಿ ಗುರುತು ಸಿಗುತ್ತಿರಲಿಲ್ಲ. ಜಿರಳೆಯ ಗುರುತು ಮಾತ್ರ ಚೆನ್ನಾಗಿ ಸಿಗುತ್ತಿತ್ತು. ಮಾತಾಡಿಸಲು ಬಂದವರು ಯಾರ ಕಡೆಯವರು, ಯಾವ ಊರಿನವರು ಎಂದು ಕೇಳಿ ತಿಳಿಯಬೇಕಾಗಿತ್ತು. ಅವರು ಅಳುತ್ತಾ ಕೂತಿದ್ದಾಗ ನನ್ನ ಕಣ್ಣು ಅವರ ತಲೆಯ ಹಿಂದಿನ ಗೋಡೆಯ ಮೇಲೆ, ಕ್ಯಾಲೆಂಡರಿನ ಅಡಿಯಲ್ಲಿ ಇರುತ್ತಿತ್ತು. ಅಲ್ಲಿ ಪೆನ್ನಿನ ಮೊನೆ ಮುಟ್ಟಿಸಿದಷ್ಟು ಸಣ್ಣ ಕಪ್ಪು ಚುಕ್ಕಿಗಳು ಗುಂಪಾಗಿ ಬಿದ್ದಿದ್ದವು. ಅದು ಸಣ್ಣ ಜಾತಿಯ ಜಿರಳೆಯ ಹಿಕ್ಕೆ. ಆ ಕ್ಯಾಲೆಂಡರಿನ ಹಿಂದೆ ಒಂದು ಸಂಸಾರವೇ ಇದೆ ಎಂದು ನನಗೆ ಗೊತ್ತಾಯಿತು. ಎದುರಿಗೆ ಕೂತಿದ್ದಾಕೆ ನನ್ನ ಕೈ ಹಿಡಿದು, "ಅತ್ತುಬಿಡಮ್ಮಾ, ಹಗುರ ಆಗ್ತದೆ" ಎನ್ನುತ್ತಿದ್ದರು.

ನನಗೆ ಅಳು ಬರಲಿಲ್ಲ. ಬರಲಿಲ್ಲವೆಂದರೆ ತಡೆದುಕೊಂಡೆ ಎಂದಲ್ಲ, ಸುಮ್ಮನೆ ಬರಲಿಲ್ಲ. ಹನ್ನೊಂದನೆಯ ದಿನಕ್ಕೆ ಹೆಂಗಸರು ನನ್ನನ್ನು ಕಲ್ಲು ಮನಸ್ಸಿನವಳು ಎಂದು ಆಡಿಕೊಂಡದ್ದು ಕಿವಿಗೆ ಬಿತ್ತು. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕುವವರು ಯಾರು? ಅದರಿಂದ ನನಗೆ ಬೇಜಾರೂ ಆಗಲಿಲ್ಲ.

ಜಿರಳೆ ಗುರುತು ಹಿಡಿಯುವ ವಿದ್ಯೆ ನನಗೆ ತವರಿನಿಂದ ಬಂದದ್ದು. ನಮ್ಮದು ಚಳ್ಳಕೆರೆ. ಎಣ್ಣೆ ಮಿಲ್ಲುಗಳ ಹಿಂದಿನ ಬೀದಿಯಲ್ಲಿ ನಮ್ಮಪ್ಪನ ಕಿರಾಣಿ ಅಂಗಡಿ ಇತ್ತು. ಶೇಂಗಾ ಹಿಂಡಿಯ ವಾಸನೆಯ ಆ ಬೀದಿಯಲ್ಲಿ ಜಿರಳೆ ಇಲ್ಲದ ಅಂಗಡಿ ಇರಲಿಲ್ಲ. ಅಪ್ಪ ಗಿರಾಕಿಗಳನ್ನು ನೋಡಿಕೊಂಡರೆ ಅವ್ವ ಜಿರಳೆಗಳನ್ನು ನೋಡಿಕೊಳ್ಳುತ್ತಿದ್ದಳು. ಕೆಂಪಗೆ ಹೆಬ್ಬೆರಳಷ್ಟು ಉದ್ದ ಇರುವುದು ಚರಂಡಿಯಿಂದ ಬರುವಂಥದ್ದು, ಅದು ನೆಂಟ, ಬರುತ್ತದೆ ಹೋಗುತ್ತದೆ. ಕಂದು ಬಣ್ಣದ ಸಣ್ಣದು, ಕತ್ತಿನ ಹಿಂದೆ ಎರಡು ಕಪ್ಪು ಗೀರು ಇರುವುದು, ಅದು ಮನೆ ಅಳಿಯ, ಹೋಗುವುದೇ ಇಲ್ಲ ಎನ್ನುತ್ತಿದ್ದಳು. ಅದು ರಟ್ಟಿನ ಪೆಟ್ಟಿಗೆಯ ಮಡಿಕೆಯಲ್ಲಿ ಕೂತು ಊರೂರು ತಿರುಗುತ್ತದೆ. ಮೊಟ್ಟೆಯ ಚೀಲವನ್ನು ಹಿಂದೆ ಕಟ್ಟಿಕೊಂಡೇ ಓಡಾಡುತ್ತದೆ. ಹಗಲು ಹೊತ್ತಿನಲ್ಲಿ ಒಂದು ಕಂಡರೆ ಒಳಗೆ ಜಾಗ ಸಾಲದಷ್ಟು ಇವೆ ಎಂದೇ ಲೆಕ್ಕ. ಮುಚ್ಚಿದ ಡಬ್ಬಿ ತೆಗೆದಾಗ ಹಳೇ ಎಣ್ಣೆಯಂಥ ಒಂದು ಮುಗ್ಗುಲು ವಾಸನೆ ಬಂದರೆ ನೋಡುವುದೇ ಬೇಡ. ಹತ್ತು ವರ್ಷಕ್ಕೇ ನಾನು ವಾಸನೆಯಲ್ಲೇ ಹೇಳುತ್ತಿದ್ದೆ. ನನಗೆ ಆ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಮದುವೆಯಾಗಿ ಬಂದದ್ದು ಮೊಳಕಾಲ್ಮೂರಿಗೆ, ರೇಷ್ಮೆ ಸೀರೆ ನೇಯುವವರ ಮನೆಗೆ. ನಮ್ಮದೂ ಅದೇ ಕುಲ. ಆದರೆ ನಮ್ಮ ಮನೆಯಲ್ಲಿ ಮಗ್ಗ ತಾತನ ಕಾಲಕ್ಕೇ ಹೋಗಿತ್ತು, ತೆಲುಗು ಮಾತು ಅಜ್ಜಿಯ ಜೊತೆಗೆ ಹೋಯಿತು. ಇಲ್ಲಿ ಎರಡೂ ಇದ್ದವು. ನನ್ನ ಅತ್ತೆ, ಅತ್ತಮ್ಮ ಎಂದು ಕರೆಯುತ್ತೇನೆ, ಒಂದು ಮಾತು ಕನ್ನಡದಲ್ಲಿ ಶುರು ಮಾಡಿದರೆ ತೆಲುಗಿನಲ್ಲಿ ಮುಗಿಸುತ್ತಾರೆ. ಇವರ ತವರು ಕೊಂಡ್ಲಹಳ್ಳಿ, ಅಲ್ಲಿಂದ ಬಂದ ದಿನದಿಂದ ಈ ಮನೆಯ ಮಗ್ಗಕ್ಕೆ ನೂಲು ಸುತ್ತಿಕೊಟ್ಟವರು, ಗಂಜಿ ಕಾಸಿದವರು. ಮಾವ ಹೋದ ಮೇಲೆ ಮಗನಿಗೂ ಅದನ್ನೇ ಮಾಡಿದರು. ನಾನು ನೇಯಲು ಕಲಿಯಲಿಲ್ಲ. ನೇಯ್ದ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತೇನೆ. ನಮಗೆ ಮಕ್ಕಳಾಗಲಿಲ್ಲ. ಅದು ಬೇರೆಯೇ ಕಥೆ, ಇಲ್ಲಿ ಬೇಡ.

ಶಿವರಾತ್ರಿ ಕಳೆದ ವಾರ, ಬೆಳಗಿನ ತಿಂಡಿ ತಿಂದು ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತ ನನ್ನ ಗಂಡ ಎದೆ ಹಿಡಿದುಕೊಂಡರು. ಬಳ್ಳಾರಿಗೆ ಕರೆದುಕೊಂಡು ಹೊರಟೆವು. ರಾಂಪುರ ದಾಟಿ ಸ್ವಲ್ಪ ದೂರಕ್ಕೆ ಆಂಬುಲೆನ್ಸಿನಲ್ಲಿದ್ದ ನರ್ಸ್ ಹುಡುಗಿ ನನ್ನ ಮುಖ ನೋಡಿದಳು, ಆಮೇಲೆ ಡ್ರೈವರಿಗೆ ನಿಧಾನ ಹೋಗಲು ಹೇಳಿದಳು. ಅಷ್ಟೇ. ಇದಕ್ಕಿಂತ ಹೆಚ್ಚು ನನಗೆ ಅದರ ಬಗ್ಗೆ ನೆನಪಿಲ್ಲ.

ಮಗ್ಗದ ಮೇಲೆ ಹಸಿರು ಸೀರೆ ಅರ್ಧಕ್ಕೆ ನಿಂತಿತ್ತು. ಮಾವಿನಕಾಯಿ ಬುಟ್ಟಾ, ಕೆಂಪು ಅಂಚು. ಪಕ್ಕದ ಮನೆಯ ಹಿರಿಯರೊಬ್ಬರು, ಅವರೂ ನೇಯುವವರೇ, ಅವರನ್ನು ನಾನು ಮಾವ ಎನ್ನುತ್ತೇನೆ, ಬೇಕಾದರೆ ತಾವು ಕೂತು ಮುಗಿಸಿಕೊಡುತ್ತೇನೆ ಎಂದರು. ಅತ್ತಮ್ಮ ಒಪ್ಪಲಿಲ್ಲ. ವರ್ಷ ತುಂಬುವವರೆಗೆ ಮಗನ ಜಾಗದಲ್ಲಿ ಯಾರೂ ಕೂರಬಾರದು, ವರ್ಷದ ಕಾರ್ಯ ಮುಗಿದ ಮೇಲೆ ನೇಯ್ದು ಮುಗಿಸಬೇಕು, ಆ ಸೀರೆ ಮಾರಬಾರದು, ಮನೆಯಲ್ಲೇ ಇರಬೇಕು ಎಂದರು. ಉದ್ದಕ್ಕೆ ಬಿಗಿದ ಹಾಸಿನ ನೂಲಿನ ಮೇಲೆ ಹಳೇ ಪಂಚೆ ಹೊದಿಸಿ ಮಗ್ಗದ ಕೋಣೆಯ ಬಾಗಿಲು ಎಳೆದುಕೊಂಡೆವು. ಬಾಗಿಲು ತೆಗೆಯುತ್ತಿದ್ದದ್ದು ಅಮಾವಾಸ್ಯೆಗೆ ಮಾತ್ರ.

ವರ್ಷದವರೆಗೆ ಅಮಾವಾಸ್ಯೆ ಅಮಾವಾಸ್ಯೆಗೆ ಹೋದವರಿಗೆ ಎಡೆ ಇಡುವುದು ನಮ್ಮಲ್ಲಿ ಪದ್ಧತಿ. ಬಾಳೆಲೆಯಲ್ಲಿ ಅವರಿಗೆ ಇಷ್ಟವಾದದ್ದೆಲ್ಲ ಬಡಿಸಿ, ದೀಪ ಹಚ್ಚಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರಬೇಕು. ಬಂದು ಉಣ್ಣಲಿ ಎಂದು. ಸ್ವಲ್ಪ ಹೊತ್ತಾದ ಮೇಲೆ ಕೆಮ್ಮಿ, ಬಾಗಿಲು ಬಡಿದು ತೆಗೆಯಬೇಕು. ಎಲೆಯ ಮೇಲಿದ್ದದ್ದನ್ನು ಮನೆಯವರು ಪ್ರಸಾದ ಎಂದು ತಿನ್ನಬೇಕು. ಬೇರೆ ಮನೆಗಳಲ್ಲಿ ಹತ್ತು ನಿಮಿಷ ಮುಚ್ಚುತ್ತಾರೆ. ಅತ್ತಮ್ಮ ಮಧ್ಯಾಹ್ನ ಮುಚ್ಚಿದರೆ ದೀಪ ಹಚ್ಚುವ ಹೊತ್ತಿಗೆ ತೆಗೆಯುತ್ತಿದ್ದರು. ಯಾಕೆಂದು ಪಕ್ಕದ ಮನೆಯ ಮಾವ ಕೇಳಿದ್ದಕ್ಕೆ, "ಅವನು ಸಾವಕಾಶ ಉಣ್ಣೋನು. ಅವಸರ ಮಾಡಿದ್ರೆ ಅರ್ಧಕ್ಕೇ ಎದ್ದು ಹೋಗ್ತಾನೆ" ಎಂದರು. ನಿಜ, ಅವರು ಬಹಳ ನಿಧಾನ ಉಣ್ಣುತ್ತಿದ್ದರು. ಅವರ ಜೊತೆ ಉಂಡು ಮುಗಿಸಲು ಹೋಗಿ ನನ್ನ ಅರ್ಧ ಆಯುಸ್ಸು ತಟ್ಟೆಯ ಮುಂದೆ ಕಳೆದಿತ್ತು.

ಎಡೆಯನ್ನು ಮಗ್ಗದ ಗುಂಡಿಯ ಅಂಚಿಗೇ ಇಡುತ್ತಿದ್ದೆವು. ಅನ್ನ, ಸಾರು, ವಡೆ, ಒಂದು ಲೋಟ ಚಹ, ಶೇಂಗಾ ಹೋಳಿಗೆ. ಶೇಂಗಾ ಹೋಳಿಗೆ ನಾನು ಚಳ್ಳಕೆರೆಯಿಂದ ತಂದ ರುಚಿ. ಅದಕ್ಕೆ ಮುಂಚೆ ಈ ಮನೆಯಲ್ಲಿ ಬೇಳೆ ಹೋಳಿಗೆ ಬಿಟ್ಟರೆ ಗೊತ್ತಿರಲಿಲ್ಲ. ಯುಗಾದಿಯ ಹಿಂದಿನ ಅಮಾವಾಸ್ಯೆಗೆ ಮೊದಲ ಎಡೆ. ಬಾಗಿಲು ತೆಗೆದಾಗ ಎಲ್ಲ ಇಟ್ಟ ಹಾಗೇ ಇತ್ತು. ಅನ್ನ ಒಣಗಿತ್ತು, ಚಹದ ಮೇಲೆ ಕೆನೆ ಕಟ್ಟಿತ್ತು. ಅತ್ತಮ್ಮ ಎಲೆ ಎತ್ತಿದರು. ಮುಂದಿನ ಅಮಾವಾಸ್ಯೆಗೂ ಹಾಗೇ. ಅವತ್ತು ಅವರು ಬಾಗಿಲಲ್ಲೇ ಕೂತುಬಿಟ್ಟರು. "ಬರ್ಲಿಲ್ಲ ನೋಡು. ನಮ್ಮೇಲೆ ಏನೋ ಸಿಟ್ಟೈತೆ ಅವನಿಗೆ" ಎಂದರು. ಆಗಲೇ ಅವರ ಊಟ ಇಳಿದು ಅರ್ಧ ಮುದ್ದೆಗೆ ಬಂದಿತ್ತು. ಆ ದಿನದಿಂದ ಅದೂ ಇಲ್ಲ. ಮಜ್ಜಿಗೆ ಕುಡಿದು ಮಲಗುತ್ತಿದ್ದರು. ತಲೆ ಬಾಚುವುದನ್ನು ಬಿಟ್ಟರು. ಮಗನ ಹಿಂದೆ ಇವರೂ ಹೊರಟರು ಎಂದು ನನಗೆ ಅನ್ನಿಸಿತು. ಅನ್ನಿಸಿತು ಅಷ್ಟೇ, ಹೆದರಿಕೆ ಆಗಲಿಲ್ಲ. ಆ ದಿನಗಳಲ್ಲಿ ನಾನೇ ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ತಿಳಿಯದೆ ಉಣ್ಣುತ್ತಿದ್ದೆ.

ಆ ಎರಡು ಅಮಾವಾಸ್ಯೆ ಕಳೆಯುವವರೆಗೂ ಜಿರಳೆಗಳು ಅಡುಗೆಮನೆಯಲ್ಲೇ ಇದ್ದವು. ಸಾವಿನ ಮನೆಗೆ ಬಂದವರು ತಂದ ಹಣ್ಣಿನ, ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಗಳನ್ನು ನಾನು ಅಟ್ಟದ ಕೆಳಗೆ ಒಟ್ಟಿದ್ದೆ, ಅವುಗಳ ಜೊತೆ ಬಂದಿರಬೇಕು. ಬೇರೆ ಕಾಲದಲ್ಲಾಗಿದ್ದರೆ ಆ ಪೆಟ್ಟಿಗೆಗಳನ್ನು ಹೊಸ್ತಿಲು ದಾಟಲು ಬಿಡುತ್ತಿದ್ದವಳಲ್ಲ. ಈಗ ದಿನಾ ನೋಡುತ್ತಿದ್ದೆ, ಸುಮ್ಮನಿರುತ್ತಿದ್ದೆ. ಎರಡನೆಯ ಅಮಾವಾಸ್ಯೆ ಕಳೆದ ಮೇಲೆ ಒಂದು ದಿನ ಗ್ಯಾಸಿನ ಒಲೆಯ ಕೆಳಗಿಂದ ಹಗಲಲ್ಲೇ ಐದಾರು ಓಡಿದವು. ಅಂಗಡಿಗೆ ಹೋಗಿ ಸ್ಪ್ರೇ ಡಬ್ಬ ತಂದು ಇಡೀ ಅಡುಗೆಮನೆಗೆ ಹೊಡೆದೆ. ಒಂದಿಷ್ಟು ಸತ್ತವು. ಉಳಿದವು ಮಾರನೆಯ ದಿನದಿಂದ ಕಾಣಲಿಲ್ಲ. ಕೆಲಸ ಮುಗಿಯಿತು ಎಂದುಕೊಂಡೆ.

ಇದು ನನ್ನ ತಪ್ಪು. ಅವ್ವ ಬಾಯಿ ಬಡಿದುಕೊಂಡು ಹೇಳಿದ್ದಳು, ಸಣ್ಣ ಜಾತಿಗೆ ವಾಸನೆಯ ಔಷಧಿ ಹೊಡೆಯಬಾರದು, ಅವು ಸಾಯುವುದಿಲ್ಲ, ಮನೆ ಬದಲಾಯಿಸುತ್ತವೆ ಎಂದು. ಎಲ್ಲ ಬಲ್ಲವಳು ಎಂಬ ಜಂಬದವಳೇ ಹಳ್ಳಕ್ಕೆ ಬೀಳುವುದು. ನಮ್ಮ ಮನೆಯಲ್ಲಿ ಕತ್ತಲಿರುವ, ಬೆಚ್ಚಗಿರುವ, ಯಾರೂ ಕಾಲಿಡದ ಕೋಣೆ ಒಂದೇ ಇತ್ತು. ಅಲ್ಲಿ ನೂಲಿಗೆ ಹಾಕಿದ ಗಂಜಿಯೂ ಇತ್ತು.

ಮೂರನೆಯ ಅಮಾವಾಸ್ಯೆ. ಬಾಗಿಲು ತೆಗೆದೆವು. ಅತ್ತಮ್ಮ ಒಳಗೆ ಹೋದವರು ಅಲ್ಲೇ ನಿಂತರು. ಹೋಳಿಗೆಯ ಒಂದು ಕಡೆಯ ಅಂಚು ಇರಲಿಲ್ಲ. ಪದರ ಸವೆದು ಒಳಗಿನ ಹೂರಣ ಕಾಣುತ್ತಿತ್ತು. ಅನ್ನದ ಮೇಲೂ ಏನೋ ಓಡಾಡಿ ಕೆದಕಿದ ಹಾಗಿತ್ತು.

"ವಚ್ಚಿನಾಡು," ಎಂದರು ಅತ್ತಮ್ಮ. ಬಂದಿದ್ದಾನೆ. ಆಮೇಲೆ ಇನ್ನೂ ಮೆಲ್ಲಗೆ, "ತಿನ್ನಾಡು" ಎಂದರು. ತಿಂದಿದ್ದಾನೆ.

ನಾನು ಹಿಂದೆ ನಿಂತಿದ್ದೆ. ಒಂದೇ ನೋಟಕ್ಕೆ ನನಗೆ ಗೊತ್ತಾಯಿತು. ಇಲಿ ತಿಂದರೆ ಹಲ್ಲಿನ ಗೀರು ಬೀಳುತ್ತದೆ, ಚೂರು ಚೆಲ್ಲುತ್ತದೆ, ಇರುವೆಯಾದರೆ ಸಾಲು ಇನ್ನೂ ಇರುತ್ತದೆ. ಅಂಚು ಹೀಗೆ ಸಣ್ಣಗೆ ಸವೆದಂತೆ ಹೋಗಿದ್ದರೆ ಅದು ಜಿರಳೆ. ಎಲೆಯ ಮೂಲೆಯಲ್ಲಿ ಚಹದ ಪುಡಿಯಂಥ ನಾಲ್ಕು ಕಾಳು ಹಿಕ್ಕೆಯೂ ಬಿದ್ದಿತ್ತು. ಮುಗ್ಗುಲು ವಾಸನೆ ಬಾಗಿಲಲ್ಲೇ ಬಂದಿತ್ತು.

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತಮ್ಮ ಆ ಹೋಳಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೆ ಒತ್ತಿಕೊಂಡು ತಿನ್ನತೊಡಗಿದರು. ಸವೆದ ಅಂಚಿನಿಂದಲೇ ಶುರು ಮಾಡಿದರು. ಪೂರ್ತಿ ತಿಂದರು. ಅನ್ನವನ್ನೂ ಉಂಡರು. ಒಂದು ತಿಂಗಳಿನಲ್ಲಿ ಅವರು ಉಂಡ ಮೊದಲ ಊಟ ಅದು. ನನಗೆ ವಾಕರಿಕೆ ಬರಬೇಕಿತ್ತು, ಅದೂ ಬರಲಿಲ್ಲ. ನಾನು ನಿಂತು ನೋಡಿದೆ, ಹಿಕ್ಕೆ ಇದ್ದ ಮೂಲೆಯನ್ನು ಮಾತ್ರ ಸೆರಗಿನಿಂದ ಒರೆಸಿದೆ.

ಮಾರನೆಯ ದಿನ ಅವರು ತಲೆ ಸ್ನಾನ ಮಾಡಿ ಬಾಚಿಕೊಂಡರು. ರಾತ್ರಿ ಮುದ್ದೆ ಕೇಳಿದರು. ಪಕ್ಕದ ಮನೆಯ ಜಗುಲಿಗೆ ಹೋಗಿ ಕೂತು ಮಗ ಬಂದದ್ದನ್ನು ಹೇಳಿದರು. ನನ್ನನ್ನು ಕೂಗುವ ದನಿಯಲ್ಲಿ ಮೊದಲಿನ ಅಧಿಕಾರ ಬಂತು. ಅದಕ್ಕೆ ಕಾರಣ ಏನೆಂದು ಇಡೀ ಊರಿನಲ್ಲಿ ನನಗೊಬ್ಬಳಿಗೆ ಗೊತ್ತಿತ್ತು.

ಅವ್ವನಿಗೆ ಫೋನ್ ಮಾಡಿದೆ. ಅವಳಿಗೆ ಈಗ ವಯಸ್ಸಾಗಿದೆ, ಅಂಗಡಿ ಮುಚ್ಚಿ ಬಹಳ ಕಾಲವಾಯಿತು, ಆದರೂ ಜಿರಳೆ ಎಂದರೆ ಎದ್ದು ಕೂರುತ್ತಾಳೆ.

"ಸ್ಪ್ರೇ ಹೊಡದ್ಯಾ? ನಿನ್ ಬುದ್ಧಿಗಿಷ್ಟು!" ಎಂದು ಬೈದಳು. "ಅವು ಮುಟ್ಟಿದ್ದನ್ನ ನಿಮ್ಮತ್ತೆ ತಿಂತಾಳಂತಾ? ಹೊಟ್ಟೆ ಕೆಟ್ಟು ಮಲಗ್ತಾಳೆ, ನೋಡ್ತಿರು. ಹೇಳ್ಬಿಡು."

"ಹೇಳಿದ್ರೆ ಊಟ ಬಿಡ್ತಾರವ್ವ."

"ನೀನ್ ಉಣ್ತೀಯಾ?" ಎಂದಳು.

"ಉಣ್ತೀನಿ" ಎಂದು ಫೋನ್ ಇಟ್ಟೆ.

ನಾಲ್ಕನೆಯದು ಮಣ್ಣೆತ್ತಿನ ಅಮಾವಾಸ್ಯೆ. ಈ ಸಲ ಹೋಳಿಗೆ ಎರಡು ಕಡೆ ಸವೆದಿತ್ತು, ವಡೆಯಲ್ಲಿ ತೂತಾಗಿತ್ತು. ಅತ್ತಮ್ಮನಿಗೆ ಹಿಗ್ಗು. "ಹೋದ್ ಸಲಕ್ಕಿಂತ ಚೆನ್ನಾಗಿ ತಿಂದಾನೆ" ಎಂದು ನನ್ನ ಕಡೆ ನೋಡಿದರು. ನಾನು ಅವರಿಗಿಂತ ಮೊದಲು ಎಲೆ ಎತ್ತಿ, ಅಡುಗೆಮನೆಯಲ್ಲಿ ಬೇರೆ ಹೋಳಿಗೆ ಬದಲಿಸಿ ಕೊಡೋಣ ಎಂದುಕೊಂಡಿದ್ದೆ. ಅವರು ಎಲೆ ಬಿಡಲಿಲ್ಲ. ಅಲ್ಲೇ ಕೂತು ತಿಂದರು. ಅವರ ಹಿಂದೆ, ಮಗ್ಗದ ಮರದ ಮೇಲೆ, ಮೀಸೆ ಆಡಿಸುತ್ತಾ ಒಂದು ನಿಂತಿತ್ತು. ನಾನು ಅದನ್ನು ನೋಡಿದೆ, ಅದು ನನ್ನನ್ನು ನೋಡಿತು.

ಎರಡು ದಿನ ಬಿಟ್ಟು ಅತ್ತಮ್ಮ ಗುಡಿಗೆ ಹೋಗಿದ್ದಾಗ ಪಕ್ಕದ ಮನೆಯ ಮಾವನನ್ನು ಕರೆದು ತಂದೆ. ಹಾಸಿನ ಮೇಲಿನ ಪಂಚೆ ಎತ್ತಿದರು. ಕಂದು ಬಣ್ಣದ್ದು ಒಂದು ರಾಶಿ ಚದುರಿ ಹೋಯಿತು. ಮಾವ ಕನ್ನಡಕ ಹಾಕಿಕೊಂಡು ನೂಲಿನ ಮೇಲೆ ಬೆರಳಿನ ಬೆನ್ನು ಆಡಿಸಿದರು. ಅಲ್ಲಲ್ಲಿ ಎಳೆಗಳು ಕಡಿದು ಕೂದಲಿನ ಹಾಗೆ ಎದ್ದು ನಿಂತಿದ್ದವು. ನೇಯ್ದ ಬಟ್ಟೆಯ ಮೇಲೂ ಚುಕ್ಕಿ ಬಿದ್ದಿದ್ದವು.

"ಗಂಜಿಗೆ ಬಾಯಿ ಹಾಕಿ ರೇಷ್ಮೆ ಕಡಿದಾವಮ್ಮಾ. ಇಷ್ಟಾದ್ರೆ ಕೆಚ್ಚಿ ಸರಿ ಮಾಡ್ತೀನಿ," ಎಂದರು. ಕೆಚ್ಚುವುದೆಂದರೆ ಕಡಿದ ಎಳೆಗೆ ಎಳೆ ಸೇರಿಸಿ ಹೊಸೆಯುವುದು. "ಇನ್ನೊಂದು ತಿಂಗಳು ಹಿಂಗೇ ಬಿಟ್ರೆ ಇದು ಸೀರೆ ಅಲ್ಲ, ಜೂಲು. ನಮ್ಮ್ ಹುಡುಗನ ಕೊನೇ ಕೈಕೆಲ್ಸ."

"ಅತ್ತಮ್ಮಂಗೆ ಹೇಳ್ಬೇಡ್ರಿ ಮಾವ."

ಅವರು ಪಂಚೆಯನ್ನು ಮೊದಲಿದ್ದ ಹಾಗೆಯೇ ಹೊದಿಸಿದರು. "ಅಕ್ಕಂಗೆ ನಾನ್ಯಾಕೆ ಹೇಳ್ಲಿ," ಎಂದು ಹೊರಗೆ ಹೋದರು.

ಹೀಗೆ ನಾನು ಅಡಕತ್ತರಿಗೆ ಸಿಕ್ಕಿದೆ. ಜಿರಳೆ ಬಿಟ್ಟರೆ ಮಗ ನೇಯ್ದ ಸೀರೆ ಹೋಗುತ್ತದೆ, ಕೊಂದರೆ ಮಗ ಬರುವುದು ನಿಲ್ಲುತ್ತದೆ. ನಿಂತರೆ ಅತ್ತಮ್ಮ ಮತ್ತೆ ಮಜ್ಜಿಗೆಗೆ ಬರುತ್ತಾರೆ. ಎರಡು ದಿನ ಕುಚ್ಚು ಕಟ್ಟುತ್ತಾ ಇದನ್ನೇ ಯೋಚಿಸಿದೆ, ಕೈ ಅದರ ಪಾಡಿಗೆ ಗಂಟು ಹಾಕುತ್ತಿತ್ತು. ಮೂರನೆಯ ದಿನ ಚಳ್ಳಕೆರೆ ಬಸ್ಸು ಹತ್ತಿದೆ. ಯಾಕೆ ಕೊಲ್ಲುವುದನ್ನೇ ಆರಿಸಿಕೊಂಡೆ ಎಂದು ಕೇಳಿದರೆ ದೊಡ್ಡ ಕಾರಣ ಇಲ್ಲ. ಅದು ನನಗೆ ಗೊತ್ತಿದ್ದ ಕೆಲಸ. ಬೇರೆ ಯಾವುದೂ ಗೊತ್ತಿರಲಿಲ್ಲ.

ಔಷಧಿ ಅಂಗಡಿಯಲ್ಲಿ ಬೋರಿಕ್ ಪುಡಿ ಸಿಕ್ಕಿತು, ಕೇರಂ ಬೋರ್ಡಿಗೆ ಉದುರಿಸುತ್ತಾರಲ್ಲ, ಅದೇ. ಅವ್ವ ತಾನೇ ಕೂತು ಕಲಸಿದಳು. ಗೋಧಿಹಿಟ್ಟು, ಸಕ್ಕರೆ, ಹೆಚ್ಚಿದ ಈರುಳ್ಳಿ, ಒಂದು ಚಮಚ ಹಾಲು, ಪುಡಿ. ಶೇಂಗಾ ಕಾಳಿನಷ್ಟು ಗುಳಿಗೆ ಮಾಡಿದಳು. "ಸಿಹಿ ಮುಂದಿರ್ಬೇಕು, ವಿಷ ಹಿಂದಿರ್ಬೇಕು. ತಿಂದದ್ದು ಗೂಡಿಗೆ ಹೋಗಿ ಸಾಯ್ತದೆ, ಅದನ್ನ ತಿಂದು ಉಳಿದವು ಸಾಯ್ತವೆ" ಎಂದಳು. ಸೋಪು ಹಾಕಿ ಕೈ ತೊಳೆದುಕೊಂಡು ನನ್ನ ತಲೆಗೆ ಎಣ್ಣೆ ಹಚ್ಚಿದಳು. ನಾನು ಗೋಡೆಗೆ ಒರಗಿ ಕೂತಿದ್ದೆ. ಅವಳ ಬೆರಳು ನೆತ್ತಿಯ ಮೇಲೆ ಆಡುತ್ತಿದ್ದದ್ದು ಬೇರೆ ಯಾರದೋ ನೆತ್ತಿಯ ಮೇಲೆ ಎನ್ನುವ ಹಾಗಿತ್ತು.

ಮನೆಗೆ ಬಂದು ಮೊದಲು ಅಟ್ಟದ ಕೆಳಗಿನ ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಹೊರಗೆ ಹಾಕಿ ಸುಟ್ಟೆ. ನೀರು ಸೋರುವ ನಲ್ಲಿಗೆ ವಾಷರ್ ಹಾಕಿಸಿದೆ. ಜಿರಳೆ ಹಸಿವು ತಾಳುತ್ತದೆ, ಬಾಯಾರಿಕೆ ತಾಳುವುದಿಲ್ಲ. ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತಿದೆ. ಹಳೇ ಬಾಟಲಿಗಳ ಮುಚ್ಚಳದಲ್ಲಿ ಎರಡೆರಡು ಗುಳಿಗೆ ಇಟ್ಟು ಮಗ್ಗದ ಗುಂಡಿಯೊಳಗೆ, ಮರದ ಕಾಲುಗಳ ಹಿಂದೆ, ಕಿಟಕಿಯ ಕೆಳಗೆ ಇರಿಸಿದೆ. ಅದನ್ನು ಇಡುವಾಗ ಮೊದಲ ಸಲ ಆ ಗುಂಡಿಗೆ ಇಳಿದೆ. ಅವರ ಕಾಲು ತುಳಿದು ನೆಲ ನುಣುಪಾಗಿತ್ತು. ಹೆಬ್ಬೆರಳು ಕೂರುವ ಕಡೆ ಒಂದು ಸಣ್ಣ ತಗ್ಗು. ನನ್ನ ಹೆಬ್ಬೆರಳು ಅದರಲ್ಲಿ ಸಡಿಲವಾಗಿ ಕೂತಿತು. ನಾನು ಮುಚ್ಚಳ ಇಟ್ಟು ಮೇಲೆ ಬಂದೆ.

ಅತ್ತಮ್ಮ ಬಾಗಿಲಲ್ಲಿ ನಿಂತಿದ್ದರು. "ಏಮ್ಮಾ ಅದಿ?" ಎಂದರು. ಏನಮ್ಮಾ ಅದು?

"ಇರುವೆ ಪುಡಿ."

"ಇರುವೆ ಅದಾವಾ?"

"ಅದಾವೆ."

ಅವರು ಗುಂಡಿಯ ಕಡೆ ಒಮ್ಮೆ ನೋಡಿ ಅಡುಗೆಮನೆಗೆ ಹೋದರು.

ಐದನೆಯ ದಿನದಿಂದ ಸಾಯತೊಡಗಿದವು. ಹಗಲೇ ಕೋಣೆಯ ನಡುವೆ ಬಂದು ಅಮಲೇರಿದಂತೆ ತಿರುಗಿ ಬೆನ್ನ ಮೇಲೆ ಬೀಳುತ್ತಿದ್ದವು. ಅತ್ತಮ್ಮ ಏಳುವ ಮೊದಲು ಗುಡಿಸಿ ಮೊರಕ್ಕೆ ತುಂಬುತ್ತಿದ್ದೆ. ಒಣಗಿದ ಸಿಪ್ಪೆಯ ಸದ್ದು ಬರುತ್ತಿತ್ತು. ಮನೆ ಹಿಂದೆ ತಿಪ್ಪೆಯ ಹತ್ತಿರ ಸುರಿದು ಬೆಂಕಿ ಹಚ್ಚುತ್ತಿದ್ದೆ. ಎರಡು ವಾರ ಕಳೆದ ಮೇಲೆ ಎಲ್ಲ ನಿಂತಿತು. ಆದರೆ ಅವ್ವ ಹೇಳಿಕೊಟ್ಟದ್ದು ಮರೆತಿರಲಿಲ್ಲ, ಮೊಟ್ಟೆಯ ಚೀಲಕ್ಕೆ ಯಾವ ವಿಷವೂ ಇಳಿಯುವುದಿಲ್ಲ. ಮರದ ಸಂದಿಯಲ್ಲಿ, ಪಂಚೆಯ ಮಡಿಕೆಯಲ್ಲಿ ಅವು ಸಾಯುವಾಗ ಉದುರಿಸಿದ, ಅಕ್ಕಿಕಾಳಿನ ಹಾಗಿದ್ದ ಚೀಲಗಳನ್ನು ಹೇರ್‌ಪಿನ್ನಿನಿಂದ ಕಿತ್ತು ತೆಗೆದು ಕುದಿಯುವ ನೀರಿಗೆ ಹಾಕಿದೆ. ಹೊಸ ಗುಳಿಗೆ ಇಟ್ಟೆ. ಮರಿಗಳು ಒಡೆದು ಬಂದವು, ಅವೂ ಹೋದವು. ಪಂಚೆ ಒಗೆದು ಬಿಸಿಲಿಗೆ ಹಾಕಿ ಮತ್ತೆ ಹೊದಿಸಿದೆ. ಕೋಣೆಯಲ್ಲಿ ಈಗ ಹಳೇ ಮರದ, ರೇಷ್ಮೆಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಇಷ್ಟು ಚೊಕ್ಕವಾಗಿ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಐದನೆಯ ಅಮಾವಾಸ್ಯೆ ಬಂತು. ಅದು ಭೀಮನ ಅಮಾವಾಸ್ಯೆ. ಬೀದಿಯ ಹೆಂಗಸರೆಲ್ಲ ಗಂಡಂದಿರ ಆಯುಸ್ಸಿಗೆಂದು ದೀಪ ಪೂಜೆ ಮಾಡಿ ಕೈಗೆ ಅರಿಶಿನದ ದಾರ ಕಟ್ಟಿಕೊಂಡು ಓಡಾಡುತ್ತಿದ್ದರು. ಹೋದ ವರ್ಷ ನಾನೂ ಕಟ್ಟಿಕೊಂಡಿದ್ದೆ. ಆಷಾಢದ ಗಾಳಿ ಬೀದಿಯ ಧೂಳನ್ನೆಲ್ಲ ಮನೆಯೊಳಗೆ ತಂದು ಹಾಕುತ್ತಿತ್ತು. ನಮ್ಮ ಮನೆಯ ಮುಂದೆ ಬಂದಾಗ ಹೆಂಗಸರು ಸ್ವಲ್ಪ ಬೇಗ ನಡೆಯುತ್ತಿದ್ದರು, ಅದು ನನಗೆ ಅರ್ಥವಾಗುತ್ತಿತ್ತು.

ಅತ್ತಮ್ಮ ಬೆಳಿಗ್ಗೆಯಿಂದ ಒಲೆ ಮುಂದಿದ್ದರು. ಎರಡು ಹೋಳಿಗೆ ಇಟ್ಟರು, ಈ ಸಲ ಹೆಚ್ಚು ತಿನ್ನುತ್ತಾನೆ ಎಂದು. ಬಾಗಿಲು ಮುಚ್ಚಿ ಚಿಲಕ ಹಾಕಿ ಪಡಸಾಲೆಯಲ್ಲಿ ಚಾಪೆ ಹಾಸಿ ಕೂತರು, ಸ್ವಲ್ಪ ಹೊತ್ತಿಗೆ ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ನಾನು ಎದುರಿಗೆ ಕುಚ್ಚು ಹಿಡಿದು ಕೂತೆ. ಒಳಗೆ ಎಲೆಯ ಮುಂದೆ ಯಾರೂ ಇಲ್ಲ. ಯಾರೂ ಬರುವುದಿಲ್ಲ. ದೀಪ ಹಚ್ಚುವ ಹೊತ್ತಿಗೆ ಬಾಗಿಲು ತೆಗೆದರೆ ಎರಡೂ ಹೋಳಿಗೆ ಇಟ್ಟ ಹಾಗೇ ಇರುತ್ತವೆ. ಆಮೇಲೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಅತ್ತಮ್ಮನ ಉಸಿರು ಒಂದೇ ಸಮ ಆದ ಮೇಲೆ ಎದ್ದು ಸದ್ದಾಗದ ಹಾಗೆ ಚಿಲಕ ತೆಗೆದೆ. ಒಳಗೆ ದೀಪ ಉರಿಯುತ್ತಿತ್ತು. ಎಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹೋಳಿಗೆಯ ಅಂಚನ್ನು ಉಗುರಿನಿಂದ ಸಣ್ಣಗೆ ಕೆರೆದೆ, ಅವು ಹೇಗೆ ಸವೆಸುತ್ತಿದ್ದವೋ ಹಾಗೆ. ಚೆನ್ನಾಗಿಯೇ ಬಂತು. ಕೆರೆದ ಪುಡಿಯನ್ನು ಎಲ್ಲಿ ಹಾಕುವುದು? ಬಾಯಿಗೆ ಹಾಕಿಕೊಂಡೆ.

ಸಿಹಿ. ಹುರಿದ ಶೇಂಗಾ, ಏಲಕ್ಕಿ, ಬೆಲ್ಲ ಒಂದು ಹಿಡಿ ಜಾಸ್ತಿಯೇ ಬಿದ್ದಿತ್ತು. ಐದು ತಿಂಗಳಿನಿಂದ ನಾಲಿಗೆ ನನಗೆ ಏನನ್ನೂ ಹೇಳಿರಲಿಲ್ಲ, ಈಗ ಬೆಲ್ಲ ಜಾಸ್ತಿ ಎಂದು ಹೇಳಿತು. ಇನ್ನೊಂದು ಚೂರು ಮುರಿದೆ. ಮತ್ತೊಂದು. ನನಗೆ ಹಸಿವಾಗಿತ್ತು. ಎಷ್ಟು ದಿನದ ಹಸಿವೋ ಏನೋ, ಕೈ ನಿಲ್ಲಲಿಲ್ಲ. ತಿನ್ನುತ್ತಾ ತಿನ್ನುತ್ತಾ ಅವರ ಮೇಲೆ ವಿಪರೀತ ಸಿಟ್ಟು ಬಂತು. ಎಲ್ಲದಕ್ಕೂ ಸಾವಕಾಶ ಮಾಡುತ್ತಿದ್ದ ಮನುಷ್ಯ, ಸಾಯುವುದಕ್ಕೆ ಮಾತ್ರ ಇಷ್ಟು ಅವಸರ ಮಾಡಿದರಲ್ಲ! ಒಂದು ಹೋಳಿಗೆ ಪೂರ್ತಿ, ಇನ್ನೊಂದರಲ್ಲಿ ಅರ್ಧ ಮುಗಿದಿತ್ತು. ಎಲೆ ನೋಡಿ ನನಗೇ ಗಾಬರಿಯಾಯಿತು. ಇಷ್ಟನ್ನು ಯಾವ ಜಿರಳೆ ತಿನ್ನುತ್ತದೆ? ಹೊರಗೆ ಬಂದು ಚಿಲಕ ಹಾಕಿ ಮತ್ತೆ ಕುಚ್ಚು ಹಿಡಿದೆ.

ಹೊತ್ತು ಇಳಿದ ಮೇಲೆ ಅತ್ತಮ್ಮ ಎದ್ದು ಮುಖ ತೊಳೆದು, ಬಾಗಿಲ ಮುಂದೆ ನಿಂತು ಮೂರು ಸಲ ಕೆಮ್ಮಿದರು. ಬಾಗಿಲು ಬಡಿದು ತೆಗೆದರು. ಎಲೆ ನೋಡಿದರು. ನಾನು 'ವಚ್ಚಿನಾಡು' ಎನ್ನುತ್ತಾರೆಂದು ಕಾದೆ. ಅವರು ಅನ್ನಲಿಲ್ಲ. ಉಳಿದಿದ್ದ ಅರ್ಧ ಹೋಳಿಗೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ನನ್ನ ಮುಖ ನೋಡಿದರು.

"ತುಟಿ ಒರೆಸ್ಕೊ ಅಮ್ಮಾಯ್. ಹೂರಣ ಐತೆ."

ನಾನು ಸೆರಗಿನಿಂದ ಒರೆಸಿಕೊಂಡೆ. "ಅತ್ತಮ್ಮ, ಅದು..."

"ನಲವತ್ತು ವರ್ಷ ಈ ಮಗ್ಗಕ್ಕೆ ಗಂಜಿ ಕಾಸೀನಿ. ಜಿರಳೆ ಬಾಯಿ ಹಾಕಿದ ಗುರುತು ನಂಗೆ ಗೊತ್ತಿಲ್ವಾ?"

"ಮೊದ್ಲಿಂದ್ಲೂ ಗೊತ್ತಿತ್ತಾ?"

ಅವರು ಹೌದೆಂದು ತಲೆಯಾಡಿಸಿದರು.

"ಮತ್ತೆ ಅದನ್ನ ತಿಂದ್ರಿ. ಬಂದಾನೆ, ತಿಂದಾನೆ ಅಂದ್ರಿ."

ಅತ್ತಮ್ಮ ಮಗ್ಗದ ಮರಕ್ಕೆ ಕೈ ಊರಿ ಗುಂಡಿಯ ಅಂಚಿಗೆ ಮೆಲ್ಲಗೆ ಕೂತರು. "ಅವನಿಗೆ ಅಂತ ಇಟ್ಟಿದ್ದನ್ನ ಏನೋ ಒಂದು ಬಂದು ತಿಂತಿತ್ತಲ್ಲಮ್ಮಾ," ಎಂದರು.

ನಾನು ಅವನ್ನೆಲ್ಲ ಕೊಂದು ಮೊರಕ್ಕೆ ತುಂಬಿ ಸುಟ್ಟಿದ್ದೆ. ಒಂದು ಮೊಟ್ಟೆಯನ್ನೂ ಉಳಿಸಿರಲಿಲ್ಲ. ಅದನ್ನು ಅವರಿಗೆ ಹೇಳಲು ಹೋದೆ, ಮಾತಿನ ಬದಲು ಅಳು ಬಂತು. ಅತ್ತಮ್ಮ ಸುಮ್ಮನಿರು ಎನ್ನಲಿಲ್ಲ. ಕೈಲಿದ್ದ ಅರ್ಧ ಹೋಳಿಗೆಯನ್ನು ನನ್ನ ಕೈಗೆ ಕೊಟ್ಟು, ನಾನು ಅದನ್ನು ತಿಂದು ಮುಗಿಸುವವರೆಗೆ ಅಲ್ಲೇ ಕೂತಿದ್ದರು.